ಕಾಪೆಲ್‌ನ ಕೈತುತ್ತು

ನಮ್ಮ ಪಕ್ಕದ ಮನೆಯಾಕೆಯ ಎದುರು ದಯವಿಟ್ಟು ಆಕಳಿಸಬೇಡಿ. ಆಕಳಿಸಿದಿರೋ, ಬಾಯಿ ಮುಚ್ಚುವಷ್ಟರಲ್ಲಿ ಅದರೊಳಗೊಂದು ತುತ್ತು ಇರುತ್ತದೆ!

ಆಕೆ ಇಥಿಯೋಪಿಯಾದವಳು. ಗಂಡ ಇಲ್ಲೇ ಟೆಕ್ಸಾಸ್‌ನಲ್ಲಿ, ನಮ್ಮ ಈ ಕಾಪೆಲ್ ಊರಿನಲ್ಲೇ ಹುಟ್ಟಿ ಬೆಳೆದ ಅಮೆರಿಕನ್. ಒಬ್ಬಳೇ ಮಗಳು. ಆಕೆಯ ನಾಡಿನಲ್ಲಿ ಇಂಜೆರಾ ಎಂಬ ಹುಳಿ ದೋಸೆಯಲ್ಲಿ ಪಲ್ಯ ಸುತ್ತಿ ಇನ್ನೊಬ್ಬರ ಬಾಯಿಗಿಡುವುದು ಸಂಪ್ರದಾಯ. ಅದಕ್ಕೆ ಗುರ್ಶಾ ಎನ್ನುತ್ತಾರೆ. ತುತ್ತು ದೊಡ್ಡದಾದಷ್ಟೂ ಪ್ರೀತಿ ದೊಡ್ಡದು. ಒಂದೇ ಕೊಟ್ಟರೆ ಜಗಳವಂತೆ, ಹಾಗಾಗಿ ಎರಡನೆಯದೂ ಗ್ಯಾರಂಟಿ! ನಮ್ಮ ಅಮ್ಮಂದಿರೂ ಕೈತುತ್ತು ಕೊಡುತ್ತಾರೆ, ಸರಿ. ನಲ್ಲಿ ರಿಪೇರಿಗೆ ಬಂದವನಿಗೂ ಕೊಡುತ್ತಾರೆಯೇ? ಈಕೆ ಕೊಟ್ಟಳು. ಪಾಪ, ಆತ ಬೇಡವೆನ್ನಲು ಬಾಯಿ ತೆರೆದದ್ದೇ ತಪ್ಪಾಯಿತು.

ಮೈಸೂರಿನಿಂದ ಬಂದಿದ್ದ ನಮ್ಮತ್ತೆ ಮಹಾ ಮಡಿಯವರು. ಶುಕ್ರವಾರ ಪಕ್ಕದ ಮನೆಯಾಕೆ ವ್ರತವೆಂದು ಮಾಂಸ, ಮೊಟ್ಟೆ ಮುಟ್ಟುವುದಿಲ್ಲ. ಆ ಧೈರ್ಯದ ಮೇಲೆ ಅತ್ತೆಯನ್ನು ಊಟಕ್ಕೆ ಕರೆದೊಯ್ದೆ. ಆಕೆಯ ಕೈ ಹತ್ತಿರ ಬಂದದ್ದೇ, "ಅಯ್ಯೋ, ಎಂಜ..." ಎಂದರು ಅತ್ತೆ. ಅಷ್ಟರಲ್ಲಿ ಬಾಯಿ ತುಂಬಿತ್ತು. ಕಷ್ಟಪಟ್ಟು ನುಂಗಿ, "ಬೇಳೆ ಚೆನ್ನಾಗಿ ಬೆಂದಿದೆ ಕಣೇ" ಎಂದರು. ಎರಡನೆಯದಕ್ಕೆ ತಾವೇ ಬಾಯಿ ತೆರೆದರು.

ಕಷ್ಟವೆಲ್ಲ ಮಗಳದು. ಅವಳ ಹುಟ್ಟುಹಬ್ಬಕ್ಕೆ ಬಂದ ಸಹಪಾಠಿಗಳಿಗೆಲ್ಲ ಅಮ್ಮ ಸಾಲಾಗಿ ತುತ್ತಿಟ್ಟಳು. ಮರುದಿನ ಅವರೆಲ್ಲ ಶಾಲೆಯಲ್ಲಿ ಬಾಯಿ ತೆರೆದು ಅಣಕಿಸಿದರು. "ಮಾಮ್, ನನ್ನ ಫ್ರೆಂಡ್ಸ್ ಮುಂದೆ ಇನ್ಮೇಲೆ ಇದೆಲ್ಲ ಬೇಡ. ಪ್ರಾಮಿಸ್ ಮಾಡು!" ಎಂದಳು ಮಗಳು. ಅಮ್ಮ ಮಾಡಿದಳು.

ನನ್ನ ಬಳಿ ಮಾತ್ರ, "ಅವಳಿಗೆ ಅಪ್ಪನ ಭಾಷೆ ಬಂತು, ನನ್ನದು ಬರ್ಲಿಲ್ಲ. ನಮ್ಮೂರಿಂದು ಅಂತ ಅವಳ ಹತ್ರ ಇದ್ದದ್ದು ಇದೊಂದೇ. ಇದೂ ಹೋದ್ರೆ?" ಎಂದಳು. ನನ್ನ ಮಗನೂ ಕನ್ನಡದಲ್ಲಿ ಬೈಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವವನೇ.

ಈ ಆಗಸ್ಟಿನಲ್ಲಿ ಮಗಳನ್ನು ಆಸ್ಟಿನ್‌ನ ಕಾಲೇಜಿಗೆ ಬಿಡಲು ಹೊರಟರು. ಸಾಮಾನು ಅವರ ಕಾರಿನಲ್ಲಿ ಹಿಡಿಸದೆ ನನ್ನ ಕಾರೂ ಹಿಂದೆ ಹೊರಟಿತು. ಹಾಸ್ಟೆಲ್ ರೂಮಿನಲ್ಲಿ ಊಟದ ಡಬ್ಬಿ ಬಿಚ್ಚಿದ್ದಾಯಿತು. ಎದುರು ಮಂಚದಲ್ಲಿ ಹೊಸ ರೂಮ್‌ಮೇಟ್ ಹುಡುಗಿ, ಆಗಷ್ಟೇ ಅಪ್ಪ ಅಮ್ಮನನ್ನು ಕಳಿಸಿ ಮುಸುಮುಸು ಅಳುತ್ತಿದ್ದಳು. ಅಮ್ಮನ ಕೈ ತಡೆದೀತೇ? ಆದರೆ ಪ್ರಾಮಿಸ್! ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಕಟ್ಟಿಕೊಂಡು ನಿಂತಳು.

ಮಗಳು ಒಮ್ಮೆ ಅಮ್ಮನನ್ನು ನೋಡಿದಳು, ಒಮ್ಮೆ ಆ ಹುಡುಗಿಯನ್ನು. ಇಂಜೆರಾ ಹರಿದು, ಪಲ್ಯ ಸುತ್ತಿ, ಹುಡುಗಿಯ ಬಾಯಿಗಿಟ್ಟಳು. ದೊಡ್ಡ ತುತ್ತು. ಹುಡುಗಿ ಅಳುವುದನ್ನೇ ಮರೆತಳು.

"ಇನ್ನೊಂದು ತಗೋಬೇಕು. ಒಂದೇ ಕೊಟ್ರೆ ಜಗಳ ಆಗುತ್ತೆ, ನಮ್ಮಲ್ಲಿ" ಎಂದಳು ಮಗಳು.

ಈಕೆಯ ಕೈಗಳು ಇನ್ನೂ ಬೆನ್ನ ಹಿಂದೆಯೇ ಇದ್ದವು. ಕಣ್ಣೀರು ಗಲ್ಲಕ್ಕಿಳಿದಿತ್ತು. ನಾನೇ ಒರೆಸಿದೆ.