ಆಷಾಢದಲ್ಲಿ ಹೂಡಿದ ಬಿಡಾರ

ಮದುವೆಯಾದ ಮೊದಲ ಆಷಾಢಕ್ಕೆ ಹೆಂಡತಿಯನ್ನು ತವರಿಗೆ ಕಳಿಸಬೇಕೆಂಬ ಶಾಸ್ತ್ರ ಮಾಡಿದವನು ಬ್ರಹ್ಮಚಾರಿಯೇ ಇರಬೇಕೆಂದು ನಂಜುಂಡಸ್ವಾಮಿಗೆ ಖಾತ್ರಿಯಾಗಿತ್ತು. ಮಗಳನ್ನು ಕರೆದೊಯ್ಯಲು ಅತ್ತೆ ದೇವಿರಮ್ಮ ಅಂದು ನಂಜನಗೂಡಿನಿಂದ ಬರುವವರಿದ್ದರು. ಬರಲಿ, ಬೀಗ ನೋಡಿಕೊಂಡು ಹೋಗಲಿ ಎಂದು ಅವನು ಬೆಳಗಾಗುತ್ತಲೇ ಮಂಡಿ ಮೊಹಲ್ಲಾದ ವಠಾರ ಬಿಟ್ಟು, ಹಿನಕಲ್ಲಿನಲ್ಲಿ ಗೊತ್ತುಮಾಡಿದ್ದ ಹೆಂಚಿನ ಮನೆಗೆ ಗಾಡಿ ಕಟ್ಟಿಸಿದ.

"ಆಷಾಢದಲ್ಲಿ ಯಾರಾದ್ರೂ ಮನೆ ಬದಲಾಯಿಸ್ತಾರೇನ್ರೀ?" ಪಕ್ಕದ ಮನೆಯ ವಸಂತಮ್ಮ ಗಾಡಿಗೇ ಅಡ್ಡ ನಿಂತರು.

"ಮನೆ ಸೋರ್ತಿದೆ ಕಣ್ರೀ."

"ಈ ವರ್ಷ ಇನ್ನೂ ಮಳೆನೇ ಬಂದಿಲ್ವಲ್ರೀ."

ಅಷ್ಟರಲ್ಲಿ ಎತ್ತುಗಳು ಹೊರಟು ಅವನ ಮಾನ ಉಳಿಸಿದವು. ಹೆಂಡತಿ ಪ್ರೇಮಲೀಲಾ ದಾರಿಯುದ್ದಕ್ಕೂ ಮಾತಾಡಲಿಲ್ಲ. ನಾಚಿಕೆ ಎಂದುಕೊಂಡು ಅವನು ಒಳಗೊಳಗೇ ಹಿಗ್ಗಿದ.

ಹಿನಕಲ್ಲಿನಲ್ಲಿ ಮನೆ ಯಜಮಾನ ಮರಿಸ್ವಾಮಿ ಗಾಡಿ ನೋಡಿ ಹುಬ್ಬು ಗಂಟಿಕ್ಕಿದ. "ಶ್ರಾವಣಕ್ಕೆ ಬತ್ತೀರಾ ಅಂತಿದ್ದೆ." ನೆರೆಮನೆಯ ಬೆಟ್ಟಮ್ಮ ಮೊರ ಹಿಡಿದುಕೊಂಡೇ ಬಂದಳು. ಹುಡುಗಿಯ ಕೊರಳಲ್ಲಿ ಅರಿಶಿನ ಮಾಸದ ತಾಳಿ, ಜೊತೆಯಲ್ಲಿ ಒಬ್ಬ ಹಿರಿಯರೂ ಇಲ್ಲ. ಅಕ್ಕಿ ಕೇರುವ ಹಾಗೆ ಇಬ್ಬರನ್ನೂ ಕಣ್ಣಲ್ಲೇ ಕೇರಿಬಿಟ್ಟಳು.

"ಮರಿಸ್ವಾಮಣ್ಣ, ಹೊಸ ಹೆಣ್ಣ ಆಸಾಡದಲ್ಲಿ ಯಾರು ಗಂಡನ್ ಜೊತೆ ಬುಡ್ತಾರೆ? ಇವ್ನು ಓಡುಸ್ಕಂಡು ಬಂದವ್ನೆ."

ಊರು ನೆರೆಯಿತು. ನಂಜುಂಡಸ್ವಾಮಿ ಪೆಟ್ಟಿಗೆ ತಡಕಾಡಿ ಮದುವೆಯ ಫೋಟೋ ತೆಗೆದು ತೋರಿಸಿದ.

"ಪಕ್ಕ ಕೂರ್ಸಿದ್ರೆ ಯಾರ್ ಫೋಟೋನಾದ್ರೂ ತೆಗೀತಾರೆ," ಎಂದ ಮರಿಸ್ವಾಮಿ.

"ನೀನೇ ಹೇಳವ್ವ, ಇವ್ನು ನಿನ್ ಗಂಡನಾ?" ಬೆಟ್ಟಮ್ಮ ಕೇಳಿದಳು.

ಪ್ರೇಮಲೀಲಾ ಸೆರಗಿನ ತುದಿ ತಿರುಗಿಸುತ್ತ, "ಅಮ್ಮ ಬಂದ್ರೆ ಅಮ್ಮನೇ ಹೇಳ್ತಾರೆ," ಎಂದಳು.

ಅಲ್ಲಿಗೆ ತೀರ್ಮಾನವಾಯಿತು. ತಾಯಿ ಬಂದು ಹೇಳುವ ತನಕ ಹುಡುಗಿ ಬೆಟ್ಟಮ್ಮನ ಮನೆಯಲ್ಲಿರತಕ್ಕದ್ದು. ಕರೆತರದಿದ್ದರೆ ಪೊಲೀಸರಿಗೆ ಹೇಳಿಕಳಿಸುವುದು.

ನಂಜುಂಡಸ್ವಾಮಿ ಜಟಕಾ ಹಿಡಿದು ಮತ್ತೆ ವಠಾರಕ್ಕೆ ಓಡಿದ. ದೇವಿರಮ್ಮ ಬೀಗ ಹಾಕಿದ ಬಾಗಿಲ ಮುಂದೆ, ವಸಂತಮ್ಮ ಕೊಟ್ಟ ಕಾಫಿ ಕುಡಿಯುತ್ತ ಕೂತಿದ್ದರು. ಯಾರ ಕಣ್ಣು ತಪ್ಪಿಸಲು ಬೆಳಗಿನಿಂದ ಬೆವರು ಸುರಿಸಿದ್ದನೋ ಅವರನ್ನೇ ಕೈಮುಗಿದು ಜಟಕಾ ಹತ್ತಿಸಿದ. ಹಿನಕಲ್ಲು ಬರುವಷ್ಟರಲ್ಲಿ ನಡೆದದ್ದನ್ನೆಲ್ಲ ಅವರಿಗೆ ಒಪ್ಪಿಸಿದ.

"ನನ್ನ ಅಳಿಯಂದಿರೇ ಕಣವ್ವ. ಧಾರೆ ಎರೆದು ಕೊಟ್ಟೋರು ನಾವೇ," ಎಂದು ದೇವಿರಮ್ಮ ಎಲ್ಲರ ಮುಂದೆ ಹೇಳಿದರು.

ಊರಿನ ಅನುಮಾನವೆಲ್ಲ ಕರಗಿತು. ಮರಿಸ್ವಾಮಿ ತಾನೇ ಗಾಡಿಯಿಂದ ಸಾಮಾನು ಇಳಿಸತೊಡಗಿದ. ಬೆಟ್ಟಮ್ಮ ದೊಡ್ಡ ಲೋಟದಲ್ಲಿ ಮಜ್ಜಿಗೆ ತಂದುಕೊಟ್ಟಳು. ನಂಜುಂಡಸ್ವಾಮಿಗೆ ಹೋದ ಜೀವ ಬಂದ ಹಾಗಾಯಿತು.

"ಪ್ರೇಮಾ, ಸಂಜೆ ರೈಲಿಗೆ ಹೊತ್ತಾಯ್ತು," ಎಂದರು ದೇವಿರಮ್ಮ.

ಅವನು ಮಜ್ಜಿಗೆ ಕೆಳಗಿಟ್ಟ. "ಅತ್ತೆ, ಹೊಸ ಮನೆ ಹೊಕ್ಕಿದ್ದೀವಿ. ಅವಳಿಗೂ ಇಲ್ಲೇ ಇರೋ ಆಸೆ. ಬೇಕಾದ್ರೆ ಅವಳನ್ನೇ ಕೇಳಿ."

ಕೇಳಲು ತಿರುಗಿದರೆ ಪ್ರೇಮಲೀಲಾ ಆಗಲೇ ಜಟಕಾದಲ್ಲಿ ಕೂತಿದ್ದಳು. ಬೆಳಗಿನಿಂದ ಕಾಣದ ನಗು ಮುಖದ ತುಂಬ ಇತ್ತು.

"ಮನೆ ಎಲ್ಲ ಜೋಡಿಸಿಟ್ಟಿರಿ," ಎಂದಳು. "ನಾನು ಗೌರಿ ಹಬ್ಬ ಮುಗಿಸ್ಕೊಂಡೇ ಬರ್ತೀನ್ರೀ."