ಕೈ ಕಲ್ಯಾಣಕ್ಕೆ, ಮೈ ಠಾಣೆಯಲ್ಲಿ

ಗಿರಾಕಿ ಕೇಳುವ ಮೊದಲು ರೇಟು ಹೇಳಬಾರದು ಎಂಬುದು ವ್ಯಾಪಾರದ ಮೊದಲ ಪಾಠ. ಮುಂಬಯಿ ಪಕ್ಕದ ಠಾಣೆ ಊರಿನ ಕೋಪರಿಯಲ್ಲಿ ಮೂವತ್ತು ವರ್ಷಗಳಿಂದ ಬಟ್ಟೆ ಅಂಗಡಿ ನಡೆಸುತ್ತಿರುವ ನಾನು ಇದನ್ನು ಕೌಂಟರಿನ ಹಿಂದೆ ಇರುವಾಗ ಮಾತ್ರ ಪಾಲಿಸುತ್ತೇನೆ. ಹೊರಗೆ ಕಾಲಿಟ್ಟರೆ ಬಾಯಿ ತನ್ನಷ್ಟಕ್ಕೇ ವ್ಯಾಪಾರ ಶುರುಮಾಡುತ್ತದೆ. ಆದ್ದರಿಂದ ಇಂಥ ಪ್ರಸಂಗಗಳು ನನ್ನನ್ನು ಹುಡುಕಿಕೊಂಡು ಬರುತ್ತವೆ ಎನ್ನಲಾರೆ. ನಾನೇ ಆರ್ಡರು ಕೊಟ್ಟು ತರಿಸಿಕೊಳ್ಳುತ್ತೇನೆ.

೧. ನಿಂತ ಚೆಂಡು

ಡೊಂಬಿವಲಿಯಲ್ಲಿ ನಮ್ಮ ಕನ್ನಡ ಸಂಘದ ಸಭೆ. ನಾನು ಅಧ್ಯಕ್ಷನಾಗಿ ಮೂರು ತಿಂಗಳಾಗಿತ್ತು. ಹೋಟೆಲು ನಡೆಸುವ ಕೆಲವು ಸದಸ್ಯರಿಗೆ ಆಗ ಹೊಸದಾಗಿ ಗಾಲ್ಫಿನ ಹುಚ್ಚು ಹಿಡಿದಿತ್ತು. ಮಕ್ಕಳ ವಿದ್ಯಾರ್ಥಿವೇತನದ ಸಹಾಯಾರ್ಥ ನವಿ ಮುಂಬಯಿಯಲ್ಲಿ ಒಂದು ಗಾಲ್ಫ್ ಪಂದ್ಯ ಇಡೋಣ, ಅಲ್ಲಿನ ಕೊಳದ ಈಚೆ ನಿಂತು ಮೊದಲ ಚೆಂಡನ್ನು ಅಧ್ಯಕ್ಷರು ಹೊಡೆಯಲಿ ಎಂದಾಯಿತು.

ಎರಡೇ ಮತಗಳಲ್ಲಿ ನನ್ನೆದುರು ಸೋತಿದ್ದ ಮಾಜಿ ಅಧ್ಯಕ್ಷರು, ಅವರೂ ಹೋಟೆಲಿನವರೇ, ಬಹಳ ಕಾಳಜಿಯಿಂದ ಕೇಳಿದರು: "ಅಣ್ಣ, ನಿಮಗೆ ಅದೆಲ್ಲ ಆಗ್ತದಾ? ಬೇಡ ಮಾರಾಯ್ರೆ, ರಿಬ್ಬನ್ ಕತ್ತರಿಸಿ, ಸಾಕು."

ರಿಬ್ಬನ್ ಎಂದದ್ದೇ ತಪ್ಪಾಯಿತು. "ಕ್ರಿಕೆಟ್ಟಿನವರು ಓಡಿ ಬರುವ ಚೆಂಡನ್ನೇ ಹೊಡೆಯುತ್ತಾರೆ. ಇದು ನಿಂತ ಚೆಂಡು. ಎದುರಿನ ಕೊಳ ದಾಟಿಸದಿದ್ದರೆ ಕುರ್ಚಿ ಬಿಡ್ತೇನೆ," ಎಂದುಬಿಟ್ಟೆ. ಚಪ್ಪಾಳೆ ಬಿತ್ತು. ಸಭೆಯ ಮಾತು ಸಭೆಯಲ್ಲೇ ಮುಗಿಯಿತು ಎಂದು ಮನೆಗೆ ಬಂದೆ.

ಆದರೆ ನಮ್ಮ ಕಾರ್ಯದರ್ಶಿ ಬ್ಯಾಂಕಿನಿಂದ ನಿವೃತ್ತರಾದವರು. ಎರಡನೇ ಚಹಾ ಕೇಳಿದವರ ಹೆಸರನ್ನೂ ಬರೆದಿಡುವ ಮನುಷ್ಯ. ಮುಂದಿನ ಸಭೆಯಲ್ಲಿ ನಡಾವಳಿ ಓದಿದರು: "ಅಧ್ಯಕ್ಷರು ಚೆಂಡನ್ನು ಕೊಳ ದಾಟಿಸತಕ್ಕದ್ದು. ತಪ್ಪಿದಲ್ಲಿ ರಾಜೀನಾಮೆ ಕೊಟ್ಟಂತೆ ಭಾವಿಸತಕ್ಕದ್ದು." ಸೂಚಿಸಿದವರು ಯಾರು ಎಂದೆ. ನಾನೇ. ಅನುಮೋದಿಸಿದವರು ಮಾಜಿ ಅಧ್ಯಕ್ಷರು. ಕೆಳಗೆ ಸಹಿಯೂ ಇತ್ತು. ಓದದೆ ಹಾಕಿದ ಸಹಿ, ಅದೂ ನನ್ನದೇ.

೨. ಕಾಣದ ಕೌಂಟರು

ಎರಡು ತಿಂಗಳ ಸಮಯವಿತ್ತು. ಭಾನುವಾರ ಬೆಳಿಗ್ಗೆ ನವಿ ಮುಂಬಯಿಗೆ ಹೋಗಿ ಒಬ್ಬ ಮರಾಠಿ ಕೋಚ್ ಹತ್ತಿರ ಕಲಿಯಲು ನಿಂತೆ. ಮೊದಲ ಸಲ ಬೀಸಿದೆ. ಚೆಂಡು ಅಲ್ಲೇ ಇತ್ತು. ಇನ್ನೂ ಜೋರಾಗಿ ಬೀಸಿದೆ. ನಿಂತ ಚೆಂಡು ನಿಂತೇ ಇತ್ತು. ನಾನು ಮಾತ್ರ ಒಂದು ಸುತ್ತು ತಿರುಗಿ ಕೂತೆ.

ಕೋಚ್ ನಗಲಿಲ್ಲ, ಫೀಸು ತೆಗೆದುಕೊಂಡಿದ್ದ. ಈ ಆಟವನ್ನು ಕೈಯಿಂದ ಆಡುವುದಲ್ಲ, ಎದೆ, ಹೊಟ್ಟೆ, ಸೊಂಟ ತಿರುಗಬೇಕು, ಕೈ ಅದರ ಹಿಂದೆ ಸುಮ್ಮನೆ ಬರಬೇಕು ಎಂದು ಹಿಂದಿಯಲ್ಲಿ ವಿವರಿಸಿದ. ನನಗೆ ತಿಳಿಯಲಿಲ್ಲ ಎಂದು ಕಂಡಾಗ ರೈಲಿನ ಭಾಷೆಗೆ ಇಳಿದ: "ಕಾಕಾ, ನಿಮ್ಮ ಕೈ ಕಲ್ಯಾಣ ತಲುಪಿತು, ಮೈ ಇನ್ನೂ ಠಾಣೆ ಸ್ಟೇಷನ್ನಿನಲ್ಲೇ ನಿಂತಿದೆ."

ತಪ್ಪು ನನ್ನದಲ್ಲ, ವ್ಯಾಪಾರದ್ದು. ಬಟ್ಟೆಯವನ ಹೊಟ್ಟೆ ಕೌಂಟರಿಗೆ ಒತ್ತಿಕೊಂಡಿರುತ್ತದೆ. ಬಟ್ಟೆಯ ಥಾನು ಬಿಚ್ಚಿ ಹರಡುವುದು, ಅಳೆಯುವುದು, ಹರಿಯುವುದು ಎಲ್ಲ ಕೈಯದೇ ಕೆಲಸ. ಮೈ ತಿರುಗಿತೋ, ಗಿರಾಕಿ ಪಕ್ಕದ ಅಂಗಡಿಗೆ ಹೋದ. ಇದನ್ನು ಹೇಳಿದಾಗ ಅವನು ನನ್ನ ಹೊಟ್ಟೆಯ ಮುಂದೆ ಗಾಳಿಯಲ್ಲಿ ಒಂದು ಗೆರೆ ಎಳೆದು, "ನಿಮ್ಮ ಕೌಂಟರು ಇನ್ನೂ ಇಲ್ಲೇ ಇದೆ. ಮೊದಲು ಅದನ್ನು ತೆಗೆಯಿರಿ," ಎಂದ.

"ತೆಗೆದರೆ ಗಿರಾಕಿ ಗಲ್ಲಾಪೆಟ್ಟಿಗೆಯ ಹತ್ತಿರ ಬರ್ತಾನಲ್ಲ," ಎಂದೆ.

೩. ಬಗಲಿನ ಬಟ್ಟೆ

ಮುಂದಿನ ವಾರ ಅವನು ಒಂದು ಟವೆಲನ್ನು ನನ್ನ ಎದೆಗೆ ಅಡ್ಡ ಹಿಡಿದು, ಎರಡು ತುದಿಗಳನ್ನೂ ಕಂಕುಳಲ್ಲಿ ಸಿಕ್ಕಿಸಿದ. ಬೀಸಿ ಮುಗಿಯುವವರೆಗೆ ಬೀಳಬಾರದು. ಬೀಳಲಿಲ್ಲ ಎಂದರೆ ಕೈ, ಮೈ ಒಟ್ಟಿಗೆ ಹೋಗುತ್ತಿವೆ ಎಂದರ್ಥ. ನನ್ನದು ಪ್ರತಿ ಸಲವೂ ಬಿತ್ತು. ಮನೆಯಲ್ಲಿ ಕೊಡೆ ಹಿಡಿದು ಅಭ್ಯಾಸ ಮಾಡಿದೆ. ಹೆಂಡತಿ ಎರಡು ದಿನ ನೋಡಿದಳು. ಮೂರನೇ ದಿನ, "ಕುರ್ಚಿ ಹೋದ್ರೆ ಹೋಗ್ಲಿ, ಫ್ಯಾನು ಒಂದು ಉಳಿಸಿ," ಎಂದಳು.

ವಿದ್ಯೆ ಸಿಕ್ಕಿದ್ದು ಮನೆಯಿಂದ ಅಂಗಡಿಗೆ ಹೋಗುವ ಬೆಳಗಿನ ಲೋಕಲ್ ರೈಲಿನಲ್ಲಿ. ಡೊಂಬಿವಲಿಯಲ್ಲಿ ಹತ್ತಿದವನಿಗೆ ಆ ನೂಕುನುಗ್ಗಲಿನಲ್ಲಿ ಠಾಣೆಯವರೆಗೆ ಕೈ ಎಂಬುದು ಇರುವುದಿಲ್ಲ. ಇಳಿಯಲು ಬಾಗಿಲ ಕಡೆ ತಿರುಗಬೇಕಾದರೆ ಇಡೀ ಮನುಷ್ಯ ತಿರುಗಬೇಕು. ಇದನ್ನೇ ಅಲ್ಲವೇ ಕೋಚ್ ಹೇಳಿದ್ದು ಎನಿಸಿತು. ಮರುದಿನ ಎರಡು ಕಂಕುಳಲ್ಲೂ ಮಡಚಿದ ಕರ್ಚೀಫು ಇಟ್ಟುಕೊಂಡು ರೈಲು ಹತ್ತಿದೆ.

ಪಕ್ಕದವನು ದಿವಾ ಸ್ಟೇಷನ್ನು ಬರುವವರೆಗೆ ನನ್ನನ್ನೇ ನೋಡುತ್ತಿದ್ದ. ಆಮೇಲೆ ಮೆಲ್ಲಗೆ, ಒಳಗೆ ಏನು ಇಟ್ಟಿದ್ದೀರಿ ಅಂಕಲ್ ಎಂದು ಕೇಳಿದ. ಏನಿಲ್ಲ, ಬೀಳಬಾರದು ಅಷ್ಟೆ ಎಂದೆ. ಅವನು ತನ್ನ ಕಿಸೆ ಮುಟ್ಟಿಕೊಂಡ. ಅವನನ್ನು ನೋಡಿ ಹಿಂದಿನವನು ತನ್ನ ಬ್ಯಾಗನ್ನು ಬಗಲಿಗೆ ಒತ್ತಿಕೊಂಡ. ಕಿಸೆಗಳ್ಳ ಇದ್ದಾನಂತೆ ಎಂದು ಯಾರೋ ಅಂದರು. ಠಾಣೆ ಬರುವಷ್ಟರಲ್ಲಿ ಇಡೀ ಬೋಗಿ ಕಂಕುಳು ಬಿಗಿದುಕೊಂಡು ನಿಂತಿತ್ತು. ಕೋಚ್ ಅಲ್ಲಿದ್ದಿದ್ದರೆ ಒಂದೇ ದಿನದಲ್ಲಿ ನೂರು ಶಿಷ್ಯರು ತಯಾರು.

ಆದರೆ ಮೈದಾನದಲ್ಲಿ ಜಾಗ ಧಾರಾಳ. ಜಾಗ ಕಂಡ ಕೂಡಲೇ ನನ್ನ ಕೈ ಮತ್ತೆ ಕಲ್ಯಾಣಕ್ಕೆ.

೪. ಹೋಗದ ಮಾಲು

ಪಂದ್ಯಕ್ಕೆ ವಾರವಿರುವಾಗ ಮಾಜಿ ಅಧ್ಯಕ್ಷರು ಅಂಗಡಿಗೆ ಬಂದು, ಸನ್ಮಾನಕ್ಕೊಂದು ಶಾಲು ಬೇಕು ಎಂದರು. ಯಾರಿಗೆ ಎಂದರೆ, ಒಬ್ಬ ದೊಡ್ಡ ಮನುಷ್ಯರಿಗೆ ಎಂದಷ್ಟೇ ಹೇಳಿದರು.

ನನ್ನಲ್ಲಿ ನಾಲ್ಕು ವರ್ಷಗಳಿಂದ ಕದಲದ ಆರು ಶಾಲುಗಳಿದ್ದವು. ನೇಯ್ದವನ ಲೆಕ್ಕ ತಪ್ಪಿ ಮಾಮೂಲಿನ ಎರಡರಷ್ಟು ಉದ್ದ, ಅಂಚು ರಟ್ಟಿನಷ್ಟು ಗಟ್ಟಿ. ಹೊದ್ದವನು ಪಾರ್ಸೆಲ್ಲಿನಂತೆ ಕಾಣುತ್ತಿದ್ದ. ಉದ್ದ ಜಾಸ್ತಿ, ಆದ್ದರಿಂದ ಗೌರವವೂ ಜಾಸ್ತಿ ಎಂದು ಒಂದನ್ನು ಪೂರ್ತಿ ರೇಟಿಗೆ ಕೊಟ್ಟೆ. ಒಂದು ಮಾತು ಚೌಕಾಸಿ ಮಾಡದೆ ತೆಗೆದುಕೊಂಡರು. ಹೋಟೆಲಿನವರು ಚೌಕಾಸಿ ಮಾಡಲಿಲ್ಲ ಎಂದಾಗಲೇ ನನಗೆ ಸಂಶಯ ಬರಬೇಕಿತ್ತು. ಸಂಶಯದ ಬದಲು ಚಹಾ ತರಿಸಿದೆ.

೫. ಮೊದಲ ಹೊಡೆತ

ಮೈದಾನದಲ್ಲಿ ಮೈಕು, ಕುರ್ಚಿ, ಎದುರಿಗೆ ಕೊಳ. ಎಲ್ಲರ ಫೋನುಗಳೂ ವಿಡಿಯೊಕ್ಕೆ ಎದ್ದು ನಿಂತಿದ್ದವು. ಮುಂದಿನ ಸಾಲಿನಲ್ಲಿ ಹೆಂಡತಿ. ಅವಳ ಪಕ್ಕದಲ್ಲಿ ನಡಾವಳಿ ಪುಸ್ತಕ ಬಿಚ್ಚಿ, ಪೆನ್ನಿನ ಟೊಪ್ಪಿ ತೆಗೆದು ಕೂತ ಕಾರ್ಯದರ್ಶಿ. ಏನಾದೀತು ಎಂದು ಕೋಚನ್ನು ಕೇಳಿದೆ. ಅವನು ಆಕಾಶ ನೋಡಿದ.

ಕೋಲು ಹಿಡಿದು ನಿಂತೆ. ಅಷ್ಟರಲ್ಲಿ ಮಾಜಿ ಅಧ್ಯಕ್ಷರು ಮೈಕಿನಲ್ಲಿ, ಹೊಡೆತಕ್ಕೆ ಮೊದಲು ನಮ್ಮ ಅಧ್ಯಕ್ಷರಿಗೊಂದು ಸನ್ಮಾನ ಎಂದರು. ದೊಡ್ಡ ಮನುಷ್ಯ ಯಾರೆಂದು ಆಗ ತಿಳಿಯಿತು. ನಾನೇ ಮಾರಿದ ಶಾಲನ್ನು ತೋಳುಗಳ ಮೇಲಿಂದ ಎರಡು ಸುತ್ತು ಸುತ್ತಿ, ಫೋಟೊದಲ್ಲಿ ಜಾರಬಾರದು ಎಂದು ಬೆನ್ನಿಗೆ ಪಿನ್ನು ಹಾಕಿದರು. ಮೊಣಕೈಗಳು ಪಕ್ಕೆಗೆ ಅಂಟಿದವು. ಇದನ್ನೊಮ್ಮೆ ತೆಗೆಯಿರಿ ಮಾರಾಯ್ರೆ ಎಂದು ಪಿಸುಗುಟ್ಟಿದೆ.

ಅವರು ಉತ್ತರವನ್ನು ಮೈಕಿನಲ್ಲೇ ಕೊಟ್ಟರು: "ಸಭೆ ಹೊದಿಸಿದ ಶಾಲನ್ನು ಸಭೆಯೆದುರೇ ತೆಗೆಯುವುದಾ ಅಣ್ಣ?"

ತೆಗೆಯಬಾರದು. ಶಾಲು ಮಾರುವಾಗ ಈ ಮಾತನ್ನು ಎಷ್ಟೋ ಜನರಿಗೆ ನಾನೇ ಹೇಳಿದ್ದೆ.

ಕುರ್ಚಿ ಹೋಯಿತು ಎಂದುಕೊಂಡೇ ಕೋಲು ಎತ್ತಲು ನೋಡಿದೆ. ಕೈ ಬರಲಿಲ್ಲ. ಕೋಲು ಮೇಲೇಳಬೇಕಾದರೆ ಇದ್ದದ್ದು ಒಂದೇ ದಾರಿ: ಎದೆ, ಹೊಟ್ಟೆ, ಸೊಂಟ ಸಮೇತ ಇಡೀ ಅಧ್ಯಕ್ಷನೇ ತಿರುಗಬೇಕು. ಠಾಣೆಯಲ್ಲಿ ಬಾಗಿಲ ಕಡೆ ತಿರುಗುವಂತೆ ತಿರುಗಿದೆ, ಹಾಗೇ ವಾಪಸು ತಿರುಗಿದೆ. ಟಕ್ ಎಂದಿತು. ಕೆಳಗೆ ನೋಡಿದೆ, ಚೆಂಡು ಇರಲಿಲ್ಲ. ಜನರನ್ನು ನೋಡಿದೆ, ಎಲ್ಲರ ಕತ್ತೂ ಮೇಲೆ. ಆ ಕತ್ತುಗಳು ನಿಧಾನವಾಗಿ ಕೊಳದ ಮೇಲಿಂದ ಹಾದು, ಆಚೆ ದಡದ ಹುಲ್ಲಿನ ಮೇಲೆ ಇಳಿದವು.

ಕಾರ್ಯದರ್ಶಿ ತಲೆ ತಗ್ಗಿಸಿ ಬರೆದರು. ಕೋಚ್ ಬಂದು, ನಾನು ಎರಡು ತಿಂಗಳು ಹೇಳಿದ್ದನ್ನು ಈ ಶಾಲು ಎರಡು ನಿಮಿಷದಲ್ಲಿ ಕಲಿಸಿತು ಎಂದ. ಹೆಂಡತಿ ಹತ್ತಿರ ಬಂದು ಅಂಚನ್ನು ಮುಟ್ಟಿ, "ಇದು ಆ ಹೋಗದ ಮಾಲಲ್ವಾ?" ಎಂದಳು. ಸುಮ್ಮನಿರು ಎಂದು ಸನ್ನೆ ಮಾಡಲು ನೋಡಿದೆ. ಕೈ ಬರಲಿಲ್ಲ.

ಆಮೇಲೆ ಮಾಜಿ ಅಧ್ಯಕ್ಷರು ಎರಡು ಕೈಗಳನ್ನೂ ಧಾರಾಳವಾಗಿ ಬೀಸಿ ಹೊಡೆದರು. ಚೆಂಡು ಕೊಳದ ನಡುವೆ ಬಿತ್ತು. ಇನ್ನೊಂದು ಇಟ್ಟರು, ಅದೂ ಮೊದಲನೆಯದರ ಹಿಂದೆಯೇ ಹೋಯಿತು.

ಮರುದಿನ ಬೆಳಿಗ್ಗೆ ಶಟರು ಅರ್ಧ ಎತ್ತಿದ್ದೆ. ಹೊರಗೆ ಅವರ ಚಪ್ಪಲಿ ಕಂಡಿತು. ಒಳಗೆ ಬಂದು, ಅಕ್ಕಪಕ್ಕ ನೋಡಿ ಕೇಳಿದರು: "ಅಣ್ಣ, ಆ ಶಾಲಿನ ಜೊತೆಯದ್ದು ಉಂಟಾ?"

"ಉಂಟು. ಇನ್ನೂ ಐದು."

ಹಿಂದಿನ ರೇಟಿನ ನೋಟು ಮುಂದಿಟ್ಟರು. ನಾನು ಅದನ್ನು ಮೆಲ್ಲಗೆ ಅವರ ಕಡೆಗೇ ಸರಿಸಿದೆ. "ಅದು ಸನ್ಮಾನದ ರೇಟು. ಈಗ ಇದು ಆಟದ ಸಾಮಾನು."

ಈ ಸಲವೂ ಅವರು ಚೌಕಾಸಿ ಮಾಡಲಿಲ್ಲ. ಸ್ವಲ್ಪ ಹೊತ್ತು ಶಾಲನ್ನು ಸವರಿ, ಒಂದೇ ಮಾತು ಕೇಳಿದರು.

"ಪಿನ್ನು ಒಟ್ಟಿಗೇ ಬರ್ತದಾ?"