ಮಾವನವರ ತೆಂಗು, ಅತ್ತೆಯವರ ಪೆನ್ನು

ಮನುಷ್ಯನಿಗೆ ಒಂದು ಹವ್ಯಾಸ ಇರಬೇಕು ಎಂದು ಎಲ್ಲರೂ ಹೇಳುತ್ತಾರೆ. ಆ ಹವ್ಯಾಸ ಎಷ್ಟು ಸದ್ದು ಮಾಡಬಹುದು ಎಂದು ಯಾರೂ ಹೇಳುವುದಿಲ್ಲ. ನನ್ನದು ಸದ್ದು ಮಾಡುವ ಹವ್ಯಾಸ. ತುಮಕೂರಿನ ಬಟವಾಡಿಯ ಬಾಡಿಗೆ ಮನೆಯ ಹಿಂದಿನ ವರಾಂಡದಲ್ಲಿ ಪುಟ್ಟದೊಂದು ಲೇತ್ ಮೆಷಿನ್ ಇಟ್ಟುಕೊಂಡು ಭಾನುವಾರಗಳಲ್ಲಿ ಇಂಕ್ ಪೆನ್ನು ಮಾಡುತ್ತೇನೆ. ಮಿಕ್ಕ ದಿನಗಳಲ್ಲಿ ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಬೇರೆಯವರು ಮಾಡಿದ ವಸ್ತುವಿನ ಮೇಲೆ ಬೆರಳಾಡಿಸಿ, ಇಲ್ಲಿ ಗೀರಿದೆ, ಅಲ್ಲಿ ತರಿಯಿದೆ ಎಂದು ಪಕ್ಕಕ್ಕೆಸೆಯುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಈ ಚಾಳಿ ಮನೆಗೂ ಬಂದಿದೆ. ಹೆಂಡತಿ ಸುಧಾ ಮಾಡಿದ ಚಪಾತಿಯನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿದೆ. ಅವತ್ತು ನಾನು ಹೋಟೆಲಿನಲ್ಲಿ ಊಟ ಮಾಡಿದೆ.

ಪೆನ್ನು ಮಾಡುವುದು ಅಂಥ ಕಷ್ಟವಲ್ಲ, ಯಾವುದರಲ್ಲಿ ಮಾಡುವುದು ಎಂಬುದೇ ತಲೆನೋವು. ಅಕ್ರಿಲಿಕ್ ಕಣ್ಣಿಗೆ ಸೊಗಸು, ಬೆವರಿದ ಕೈಗೆ ಜಾರುತ್ತದೆ. ಹಿತ್ತಾಳೆಗೆ ಒಂದು ಗಾಂಭೀರ್ಯವಿದೆ, ಆದರೆ ಅರ್ಧ ಪುಟ ಬರೆಯುವಷ್ಟರಲ್ಲಿ ಮಣಿಕಟ್ಟು ರಜೆ ಕೇಳುತ್ತದೆ. ಎಮ್ಮೆಕೊಂಬನ್ನು ಒಂದೇ ಒಂದು ಸಲ ಕಡೆದೆ. ಆ ವಾಸನೆಗೆ ಮಹಡಿಯ ಮೇಲಿರುವ ಓನರ್ ಆಂಟಿ ಇಳಿದು ಬಂದು, "ಏನ್ರೀ, ಕೂದಲು ಗೀದಲು ಸುಟ್ಕೊಂಡ್ರಾ?" ಎಂದು ಗಾಬರಿಯಿಂದ ನನ್ನ ತಲೆ ನೋಡಿದರು. ಸುಡುವಂಥದ್ದು ಅಲ್ಲಿ ಏನೂ ಉಳಿದಿಲ್ಲವೆಂದು ಖಾತ್ರಿಯಾಗಿ ಸಮಾಧಾನದಿಂದ ಮೇಲೆ ಹೋದರು. ಎಬೊನೈಟ್ ಎಂಬ ಗಟ್ಟಿ ರಬ್ಬರ್ ಒಂದಿದೆ. ಹಗುರ, ಮುಟ್ಟಿದರೆ ತಣ್ಣಗೆ ಕೊರೆಯುವುದಿಲ್ಲ, ಆದರೆ ನೋಡಲು ಹಳೇ ಛತ್ರಿಯ ಹಿಡಿಯಂತಿರುತ್ತದೆ. ಉಳಿದದ್ದು ಮರ. ನಾನು ಪೆನ್ನು ಮಾಡುತ್ತೇನೆಂದು ಗೊತ್ತಾದ ನೆಂಟರಿಗೆಲ್ಲ ತಂತಮ್ಮ ಮನೆಯ ಮರವೇ ನೆನಪಿಗೆ ಬರುತ್ತದೆ. ಹುಲಿಯೂರುದುರ್ಗದಿಂದ ನಮ್ಮಕ್ಕ ಫೋನ್ ಮಾಡಿ, "ಲೋ, ಅಟ್ಟದ್ ಮೇಲೆ ಅಜ್ಜಿ ಒನಕೆ ಸುಮ್ನೆ ಬಿದ್ದೈತೆ ಕಣೋ. ಅದ್ರಾಗೇ ಎಲ್ಲಾರ್ಗೂ ಒಂದೊಂದು ಮಾಡ್ಬುಡು" ಎಂದಳು. ಆ ಒನಕೆ ಕುಣಿಗಲ್ ಬಸ್ಸು ಹತ್ತದಂತೆ ತಡೆಯುವುದರಲ್ಲಿ ನನಗೆ ಸಾಕುಸಾಕಾಯಿತು.

ಇಷ್ಟೆಲ್ಲ ಪೀಠಿಕೆ ಯಾಕೆಂದರೆ, ಈಚೆಗೆ ನನ್ನ ಹವ್ಯಾಸಕ್ಕೆ ನಿಜವಾದ ಕೆಲಸವೊಂದು ಬಂತು. ಗುಬ್ಬಿಯಲ್ಲಿರುವ ನಮ್ಮ ಅತ್ತೆ, ಅಂದರೆ ಸುಧಾಳ ತಾಯಿ, ಶಾಲೆಯಲ್ಲಿ ಹೆಡ್ ಮಿಸ್ ಆಗಿದ್ದು ರಿಟೈರ್ ಆದವರು. ಆ ಮನೆತನದಲ್ಲಿ ಯಾರ ಮದುವೆಯಾದರೂ ಲಗ್ನಪತ್ರಿಕೆಗಳ ಮೇಲೆ ಕರೆಯುವವರ ಹೆಸರು ಬರೆಯುವುದು ಅತ್ತೆಯೇ. ಟೀಚರಮ್ಮನ ದುಂಡಗಿನ ಅಕ್ಷರ ಕಾಣದಿದ್ದರೆ, "ಇದ್ಯಾಕೋ ಕಾಟಾಚಾರಕ್ಕೆ ಕರ್ದಂಗೈತೆ" ಎಂದು ಪತ್ರಿಕೆಯನ್ನು ಪಕ್ಕಕ್ಕಿಡುವ ಹಿರಿಯರು ಈಗಲೂ ಇದ್ದಾರೆ. ಅಂಥ ಅತ್ತೆಗೆ ಬೆರಳ ಗೆಣ್ಣುಗಳು ಊದಿಕೊಂಡು, ಬಾಲ್ ಪೆನ್ ಒತ್ತಿ ಬರೆಯುವುದು ಆಗದಂತಾಗಿತ್ತು. ಅಷ್ಟರಲ್ಲಿ ಸ್ವಂತ ಮೊಮ್ಮಗಳ ಮದುವೆಯೇ ಗೊತ್ತಾಯಿತು. ಹುಡುಗಿಯ ಅಪ್ಪ, ನನ್ನ ಬಾಮೈದ ಶಿವಕುಮಾರ, ಒಳ್ಳೆಯ ಮನಸ್ಸಿನಿಂದಲೇ, "ನೀನ್ಯಾಕಮ್ಮ ಒದ್ದಾಡ್ತೀಯ? ಕಂಪ್ಯೂಟರ್‌ನಲ್ಲಿ ಹೆಸ್ರು ಹೊಡೆಸಿ ಸ್ಟಿಕ್ಕರ್ ಅಂಟಿಸ್ಬುಡಾಣ" ಎಂದ. ಅತ್ತೆ "ಹೂಂ" ಎಂದರು. ನಮ್ಮ ಅತ್ತೆ ಬರೀ "ಹೂಂ" ಎಂದ ದಿನ ಆ ಮನೆಯಲ್ಲಿ ಸಾರಿಗೆ ಉಪ್ಪಿರುವುದಿಲ್ಲ. ಸುಧಾ ಊರಿಂದ ಬಂದವಳೇ, "ಅಮ್ಮ ಒಬ್ಳೇ ಕೂತು ಅತ್ತಿದಾಳೆ ಕಣ್ರೀ. ಒತ್ತದೇ ಬರೆಯೋ ಪೆನ್ನು ಒಂದು ಮಾಡ್ಕೊಡಿ" ಎಂದಳು. ಆಗಲಿ ಎಂದೆ. ನಮ್ಮ ಮದುವೆಯ ಪತ್ರಿಕೆಗಳ ಮೇಲೂ ಇದ್ದದ್ದು ಅದೇ ಅಕ್ಷರ.

ಇಂಕ್ ಪೆನ್ನನ್ನು ಒತ್ತಬೇಕಿಲ್ಲ, ನಿಬ್ಬು ಕಾಗದಕ್ಕೆ ತಾಗಿದರೆ ಸಾಕು. ದಪ್ಪಗಿದ್ದರೆ ಬೆರಳು ಹೆಚ್ಚು ಮಡಚಬೇಕಾಗಿಯೂ ಇಲ್ಲ. ಎಬೊನೈಟೇ ಸರಿ ಎಂದು ತೀರ್ಮಾನಿಸಿ, ಮೊದಲು ಅಳತೆ ನೋಡಲು ಒಂದು ತುಂಡನ್ನು ಮೊಂಡು ಉಳಿಯಿಂದಲೇ ದಪ್ಪಗೆ ಕಡೆದೆ. ಉಜ್ಜಲಿಲ್ಲ, ಪಾಲಿಶ್ ಮಾಡಲಿಲ್ಲ, ಮೈತುಂಬ ಉಳಿಯ ಗೆರೆಗಳು. ಇಂಕು ಸರಿಯಾಗಿ ಇಳಿಯುತ್ತದೋ ಎಂದು ನಿಬ್ಬು ಸಿಕ್ಕಿಸಿ ಜೇಬಿಗೆ ಹಾಕಿಕೊಂಡೆ. ಕಾರ್ಖಾನೆಯಲ್ಲಾಗಿದ್ದರೆ ಅದಕ್ಕೆ ಕೆಂಪು ಬಣ್ಣ ಬಳಿದು ಮೂಲೆಗೆಸೆಯುತ್ತಿದ್ದೆ.

ಚೆನ್ನಾಗಿರುವುದನ್ನು ಶುರು ಮಾಡಬೇಕು ಅನ್ನುವಾಗ ಶಿವಕುಮಾರ ಬಂದಿಳಿದ. ಸ್ಕೂಟರಿನ ಮುಂದೆ, ಕಾಲುಗಳ ನಡುವೆ, ಗೋಣಿಚೀಲ ಸುತ್ತಿದ ತೆಂಗಿನ ಕಾಂಡದ ತುಂಡು. "ಭಾವ, ಅಪ್ಪ ನೆಟ್ಟಿದ್ ಮರ. ಗಾಳಿಗೆ ಬಿತ್ತಲ್ಲ, ಅದೇ. ಅಮ್ಮನ್ ಪೆನ್ನು ಅಂದ್ಮೇಲೆ ಇದ್ರಲ್ಲೇ ಆಗ್ಬೇಕು" ಎಂದ. ಮಾವ ತೀರಿಕೊಂಡಿದ್ದಾರೆ. ಅವರು ನೆಟ್ಟ ಮರವನ್ನು ಬೇಡ ಎನ್ನುವ ಅಳಿಯ ಗುಬ್ಬಿ ತಾಲ್ಲೂಕಿನಲ್ಲಿ ಇನ್ನೂ ಕಾಲಿಟ್ಟಿಲ್ಲ. ಒಪ್ಪಿಕೊಂಡೆ. ಆದರೆ ತೆಂಗು ಹೆಸರಿಗೆ ಮರ, ಒಳಗೆಲ್ಲ ನಾರು. ಲೇತಿಗೆ ಕೊಟ್ಟರೆ ಸಿಗಿದು ಸಿಗಿದು ಬರುತ್ತದೆ. ಅಂಟು ಕುಡಿಸಿ, ಒಣಗಿಸಿ, ಕಡೆದು, ಮತ್ತೆ ಅಂಟು ಕುಡಿಸಿ, ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ ನನ್ನ ಬೆರಳ ತುದಿಯ ಗೆರೆಗಳೇ ಸವೆದವು. ಕೊನೆಗೆ ಆ ಕಂದು ಮೈಯ ಮೇಲೆ ಕಪ್ಪು ನಾರಿನ ಚುಕ್ಕಿಗಳು ಮಿರಿಮಿರಿ ಮಿಂಚಿದಾಗ, ನಾನೇ ಮಾಡಿದೆನೇ ಎಂದು ನನಗೇ ಅನುಮಾನ ಬಂತು. ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ಫೋಟೋ ಹಾಕಿದಾಗ ಎಲ್ಲರೂ ಹೊಗಳಿದರು. ಅಕ್ಕ ಒಬ್ಬಳು ಮಾತ್ರ, ಒನಕೆ ಇನ್ನೂ ಚೆನ್ನಾಗಿರುತ್ತಿತ್ತು ಎಂದು ಬರೆದಳು.

ಭಾನುವಾರ ಗುಬ್ಬಿಗೆ ಹೋಗಿ ಅತ್ತೆಯ ಕೈಗೆ ಪೆನ್ನು ಕೊಟ್ಟು, ಮಾವ ನೆಟ್ಟ ತೆಂಗಿನದು ಎಂದೆವು. "ಇವರ ಮರಾನಾ?" ಎಂದರು. ಕಣ್ಣು ತುಂಬಿಕೊಂಡು ಅದನ್ನು ಎದೆಗೊತ್ತಿಕೊಂಡು ಒಳಗೆ ಹೋದವರು ಬರಿಗೈಯಲ್ಲಿ ವಾಪಸ್ ಬಂದರು. ಹೋಗಿ ನೋಡಿದರೆ ಮಾವನ ಫೋಟೋದ ಮುಂದೆ ನನ್ನ ಪೆನ್ನು, ಅದರ ನೆತ್ತಿಗೆ ಕುಂಕುಮ, ಪಕ್ಕದಲ್ಲೊಂದು ದಾಸವಾಳ. "ಅತ್ತೆ, ಅದು ಬರೆಯೋಕೆ ಅಂತ ಮಾಡಿದ್ದು" ಎಂದೆ. "ಅಯ್ಯೋ, ನಿಮ್ಮ ಮಾವನವರನ್ನ ಕೈಲಿ ಹಿಡ್ಕೊಂಡು ಊರೋರ ಹೆಸ್ರೆಲ್ಲ ಬರೆಯಕ್ಕಾಗುತ್ತಾ?" ಎಂದರು. ಮಾವ ಇದ್ದಾಗ ಒಂದು ಲೋಟ ನೀರು ತಂದುಕೊಡಿ ಎಂದು ಕೇಳದ ಹೆಂಗಸು, ಈಗ ಅವರಿಂದ ಇಷ್ಟು ದುಡಿಸಿಕೊಂಡಾರೇ? ಹಿರಿಯರದು ಎಂದು ಮನೆಗೆ ಏನು ಬಂದರೂ ಮೊದಲು ಕುಂಕುಮ ಇಡುವ ಜನ ನಾವು. ಇದು ನನಗಾಗಲಿ ಶಿವಕುಮಾರನಿಗಾಗಲಿ ಹೊಳೆಯಲೇ ಇಲ್ಲ.

ಹಜಾರದಲ್ಲಿ ಪತ್ರಿಕೆಗಳ ಕಟ್ಟು ಬಿಚ್ಚಿಟ್ಟಿತ್ತು. ಶಿವಕುಮಾರ ಮೆಲ್ಲಗೆ, "ಹೋಗ್ಲಿ ಬುಡಮ್ಮ, ಸ್ಟಿಕ್ಕರ್ರೇ..." ಎನ್ನುವಷ್ಟರಲ್ಲಿ ಅತ್ತೆಯ ಕಣ್ಣು ನನ್ನ ಜೇಬಿನ ಮೇಲೆ ಬಿತ್ತು. "ಅದ್ಯಾವ್ದು? ಕೊಡಿ ನೋಡಾಣ" ಎಂದರು. ಅಳತೆಗೆಂದು ಕಡೆದಿದ್ದ ಆ ಎಬೊನೈಟ್ ಪೆನ್ನು. ನಾಚಿಕೊಂಡೇ ಕೊಟ್ಟೆ. ಅತ್ತೆ ಕ್ಯಾಪ್ ತೆಗೆದು, ಬೆರಳುಗಳನ್ನು ಒಂದೊಂದಾಗಿ ಕೂರಿಸಿಕೊಂಡು, ಮೇಲಿನ ಪತ್ರಿಕೆಯ ಮೇಲೆ ತಮ್ಮ ಅಣ್ಣನ ಹೆಸರು ಬರೆದರು. ಮೊದಲಕ್ಷರ ಸ್ವಲ್ಪ ನಡುಗಿತು. ಎರಡನೆಯದು ನೆಟ್ಟಗೆ ನಿಂತಿತು. ಆಮೇಲೆ ಟೀಚರಮ್ಮನ ಅದೇ ದುಂಡಗಿನ ಅಕ್ಷರ, ಸಾಲಾಗಿ. ಸುಧಾ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅತ್ತೆ ಎರಡನೇ ಪತ್ರಿಕೆ ಎಳೆದುಕೊಂಡು, "ಜಾರಲ್ಲ ನೋಡೇ ಇದು, ಕೈಲಿ ಚೆನ್ನಾಗಿ ಕೂತ್ಕೊಳ್ಳುತ್ತೆ. ಎಲ್ಲಿ ತಗೊಂಡ್ರಿ ಅಳಿಯಂದ್ರೆ?" ಎಂದರು. ಆ ಗೀರುಗೀರು ಮೈಯನ್ನು ನನ್ನದು ಎನ್ನಲು ಬಾಯಿ ಬರಲಿಲ್ಲ. "ತುಮಕೂರಲ್ಲೇ... ಒಂದು ಅಂಗಡೀಲಿ" ಎಂದುಬಿಟ್ಟೆ.

ಮದುವೆ ಚೆನ್ನಾಗಿ ಆಯಿತು. ಎಲ್ಲ ಪತ್ರಿಕೆಗಳನ್ನೂ ಅತ್ತೆಯೇ ಬರೆದರು, ಕರೆದವರೆಲ್ಲ ಬಂದರು. ಈಗ ಅವರಿಗೆ ಅಂಥದ್ದೇ ಇನ್ನೊಂದು ಪೆನ್ನು ಬೇಕಂತೆ, ಇದು ಕಳೆದುಹೋದರೆ ಇರಲಿ ಎಂದು. ಭಾನುವಾರ ಬಂದರೆ ಅದನ್ನೇ ಕಡೆಯುತ್ತೇನೆ, ಆದರೆ ನನ್ನ ಕೈ ಸುಮ್ಮನಿರದೆ ಉಪ್ಪುಕಾಗದ ಹುಡುಕುತ್ತದೆ. ಎಷ್ಟೇ ಕೆಡಿಸಬೇಕೆಂದರೂ ಆ ಪೆನ್ನಿನಷ್ಟು ಚೆನ್ನಾಗಿ ಕೆಡುತ್ತಿಲ್ಲ. ಮೊನ್ನೆ ಅತ್ತೆ ನಮ್ಮನೆಗೆ ಬಂದಿದ್ದಾಗ, ಇದು ನಾನೇ ಮಾಡಿದ್ದು ಎಂದು ಹೊಸದೊಂದನ್ನು ಕೊಟ್ಟೆ. ಬರೆದು ನೋಡಿ, "ಜಾರುತ್ತೆ" ಎಂದು ವಾಪಸ್ ಕೊಟ್ಟರು. ನನ್ನ ಮುಖ ಬಾಡಿದ್ದು ಕಂಡಿರಬೇಕು, "ಬೇಜಾರ್ ಮಾಡ್ಕೋಬೇಡಿ, ಪೂಜೆಗೆ ನಿಮ್ಮದೇ ಚೆನ್ನ. ಬರೆಯೋದಕ್ಕೆ ಮಾಡ್ಬೇಕು ಅಂದ್ರೆ ಆ ಅಂಗಡಿಯೋರ ಹತ್ರ ಹೋಗಿ ಸ್ವಲ್ಪ ಕಲ್ತ್ಕೊಳ್ಳಿ. ಕಲಿಯೋದಕ್ಕೆ ಸಂಕೋಚ ಪಡ್ಬಾರ್ದು" ಎಂದರು.

"ಕೇಳ್ಬೋದು ಅತ್ತೆ, ಆದ್ರೆ ಆ ಮನುಷ್ಯ ಸ್ವಲ್ಪ ಜಂಭದವನು" ಎಂದೆ.

"ಸ್ವಲ್ಪ ಅಲ್ಲ ಕಣಮ್ಮ" ಎಂದಳು ಸುಧಾ, ಅಡುಗೆಮನೆಯಿಂದ.